ಗಾಲ್ಫ್ ಕೋರ್ಸ್‌ಗೂ ಒಂದು ಭಾನುವಾರ ಬೇಕು

‘ಗಾಲ್ಫಾ? ಅದು ನಮಗೆಂತಕ್ಕೆ ಮಾರಾಯ್ರೆ?’

ವಾಮದಪದವಿನಲ್ಲಿ ನಿಂತು ಗಾಲ್ಫ್ ವಿಷಯ ತೆಗೆದರೆ ಬರುವ ಮೊದಲ ಮಾತು ಇದೇ ಇರಬಹುದು. ಪ್ರಶ್ನೆ ನ್ಯಾಯದ್ದೇ. ಆದರೆ ಅದಕ್ಕೆ ಉತ್ತರವೂ ಆ ಊರಿನ ಹೆಸರಲ್ಲೇ ಉಂಟು. ವಾಮದಪದವು, ಕಕ್ಯಪದವು, ಮಂಗಳೂರಿನ ಪದವಿನಂಗಡಿ. ಈ ‘ಪದವು’ ಅಂದರೆ ಎಂತ? ಬೈಲಿನಲ್ಲಿ ಗದ್ದೆ, ಅದರ ಮೇಲೆ ತೋಟ, ತೋಟಕ್ಕಿಂತ ಮೇಲೆ ಮಟ್ಟಸವಾದ ಮುರಕಲ್ಲಿನ ಬಯಲು. ಅದೇ ಪದವು. ಅಲ್ಲಿ ನೇಗಿಲು ಇಳಿಯುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಹುಲ್ಲು. ಬೆಳೆ ಬರುವುದಿಲ್ಲ ಅನ್ನುವ ಕಾರಣಕ್ಕೇ ಅಲ್ಲಿ ದನ ಮೇಯುತ್ತಿತ್ತು, ಕಾಲುದಾರಿ ಇತ್ತು, ಮಕ್ಕಳ ಆಟ ಇತ್ತು.

ಸ್ಕಾಟ್ಲೆಂಡಿನಲ್ಲಿ ಗಾಲ್ಫ್ ಹುಟ್ಟಿದ್ದೂ ಹೆಚ್ಚುಕಡಿಮೆ ಇಂಥ ಜಾಗದಲ್ಲೇ. ಸಮುದ್ರಕ್ಕೂ ಹೊಲಕ್ಕೂ ನಡುವೆ ಬೆಳೆಗೆ ಬಾರದ ಮರಳು ದಿಬ್ಬಗಳಿವೆ. ಅವರು ಅದನ್ನು ‘ಲಿಂಕ್ಸ್’ ಅನ್ನುತ್ತಾರೆ. ಕುರಿ ಮೇಯುವ, ಮೊಲ ಹಿಡಿಯುವ, ಬಟ್ಟೆ ಒಣಗಿಸುವ ಜಾಗ. ಗಾಳಿಗೆ ಬೆದರಿದ ಕುರಿಗಳು ಮರೆಗಾಗಿ ಮಲಗಿ ಮಲಗಿ ಆದ ಗುಂಡಿಗಳೇ ಮುಂದೆ ‘ಬಂಕರ್’ ಆದವು ಅಂತಲೂ ಹೇಳುತ್ತಾರೆ. ಮೊದಲ ಗಾಲ್ಫ್ ಕೋರ್ಸ್‌ಗೆ ಆರ್ಕಿಟೆಕ್ಟ್ ಅಂತ ಯಾರೂ ಇರಲಿಲ್ಲ. ಊರವರ ಹುಲ್ಲುಗಾವಲೇ ಅದರ ನಕ್ಷೆ.

ಇಷ್ಟೆಲ್ಲ ಈಗ ಯಾಕೆ ಹೇಳಬೇಕು? ನಮ್ಮ ರಾಜ್ಯದಲ್ಲಿ ಗಾಲ್ಫ್ ಕ್ಲಬ್‌ಗಳ ಜಾಗದ ಮಾತು ಬಂದಾಗಲೆಲ್ಲ ಎರಡೇ ವಾದ ಕೇಳುತ್ತದೆ. ಒಂದು, ‘ಇದು ಪಾರಂಪರಿಕ, ಮುಟ್ಟಬೇಡಿ’. ಇನ್ನೊಂದು, ‘ಶ್ರೀಮಂತರ ಆಟ, ತೆಗೆದು ಬಿಸಾಡಿ’. ಇವೆರಡರ ಗಲಾಟೆಯಲ್ಲಿ ಆ ನೆಲದ ಮೇಲೆ ಯಾರ ಹಕ್ಕು ಉಳಿದಿದೆ ಅನ್ನುವ ಅಸಲಿ ಪ್ರಶ್ನೆಯೇ ಬಿದ್ದುಹೋಗುತ್ತದೆ.

‘ಹಳೆಯದು’ ಎಷ್ಟು ಹಳೆಯದು?

ಸೇಂಟ್ ಆಂಡ್ರ್ಯೂಸ್‌ನ ‘ಓಲ್ಡ್ ಕೋರ್ಸ್’ ಗಾಲ್ಫಿಗರ ಕಾಶಿ. ಅದು ಅನಾದಿ ಕಾಲದಿಂದ ಹಾಗೇ ಉಂಟು ಅಂತ ನಂಬುವವರು ಬಹಳ. ಹಾಗೇನೂ ಇಲ್ಲ. 1764ರ ತನಕ ಅಲ್ಲಿ ಒಂದು ಸುತ್ತಿಗೆ 22 ಹೋಲ್ ಆಡುತ್ತಿದ್ದರು. ಆ ವರ್ಷ ಮೊದಲ ನಾಲ್ಕನ್ನು ಎರಡಾಗಿ ಸೇರಿಸಿದರು. ಹೋಗುವಾಗಲೂ ಬರುವಾಗಲೂ ಅವೇ ಕುಳಿಗಳಾದ್ದರಿಂದ ಸುತ್ತು 18ಕ್ಕೆ ಇಳಿಯಿತು. ಇಡೀ ಜಗತ್ತು ಇವತ್ತು ನಿಯಮ ಅಂತ ಪಾಲಿಸುವ ‘18’ ಆ ಊರಿನ ಒಂದು ಹೊಂದಾಣಿಕೆ, ಅಷ್ಟೇ.

ಆಮೇಲೆ 1848ರ ಹೊತ್ತಿಗೆ ಗಟ್ಟಾ ಪರ್ಚಾ ಎಂಬ ಮರದ ಹಾಲಿನಿಂದ ಮಾಡಿದ ಚೆಂಡು ಬಂತು. ಅದಕ್ಕಿಂತ ಮುಂಚೆ ಚರ್ಮದೊಳಗೆ ಹಕ್ಕಿಯ ಪುಕ್ಕ ತುಂಬಿ ಕೈಯಲ್ಲಿ ಹೊಲಿದ ಚೆಂಡಿತ್ತು, ಭಾರೀ ದುಬಾರಿ. ಹೊಸ ಚೆಂಡು ಅಗ್ಗ. ಅಗ್ಗ ಆದದ್ದೇ ಆಡುವವರು ಹೆಚ್ಚಿದರು, ಹೋಗುವವರು ಬರುವವರು ಎದುರುಬದುರಾಗಿ ಡಿಕ್ಕಿ ಹೊಡೆಯುವ ಸ್ಥಿತಿ ಬಂತು. ಆಗ ದಾರಿ ಅಗಲ ಮಾಡಿದರು, ಒಂದೇ ಗ್ರೀನ್ ಮೇಲೆ ಎರಡು ಕುಳಿ ತೋಡಿದರು. ಇವತ್ತು ಪ್ರವಾಸಿಗಳು ಫೋಟೋ ಹೊಡೆಯುವ ಆ ದೊಡ್ಡ ದೊಡ್ಡ ಜೋಡಿ ಗ್ರೀನ್‌ಗಳು ಹುಟ್ಟಿದ್ದು ಜನಸಂದಣಿಯಿಂದ. 1860ರ ದಶಕದಿಂದ 1903ರವರೆಗೆ ಮೈದಾನ ನೋಡಿಕೊಂಡ ಟಾಮ್ ಮಾರಿಸ್ ಹೊಸ ಗ್ರೀನ್‌ಗಳನ್ನು ಕಟ್ಟಿದರು. 2012ರಲ್ಲಿ ಮತ್ತೆ ಬಂಕರ್, ಇಳಿಜಾರು ಬದಲಿಸಲು ಹೊರಟಾಗ ಜಗತ್ತಿನ ಗಾಲ್ಫ್ ಆರ್ಕಿಟೆಕ್ಟ್‌ಗಳೆಲ್ಲ ಬೊಬ್ಬೆ ಹಾಕಿದರು. ಬದಲಾವಣೆ ಆಯಿತು.

ಅಂದರೆ ಹಳೆಯ ಕೋರ್ಸ್ ಎಂಬುದು ಚೆಂಡು, ಜನ, ನೀರು, ದುಡ್ಡು ಬದಲಾದಂತೆ ಬದಲಾಗುತ್ತಲೇ ಬಂದ ನೆಲ. ‘ಇದರ ರೂಪ ಪವಿತ್ರ’ ಅನ್ನುವ ವಾದಕ್ಕೆ ಇತಿಹಾಸದ ಬಲ ಇಲ್ಲ.

ಮೊಲದ ವ್ಯಾಪಾರಿಗಳು ಬಂದಾಗ

ಅಲ್ಲಿ ಬದಲಾಗದೆ ಉಳಿದದ್ದು ಒಂದು ಉಂಟು. 1552ರ ಒಂದು ಸನ್ನದಿನಲ್ಲಿ ಆ ಊರಿನ ಆರ್ಚ್‌ಬಿಷಪ್, ಲಿಂಕ್ಸ್ ಮೇಲೆ ಗಾಲ್ಫ್, ಫುಟ್‌ಬಾಲ್ ಮುಂತಾದ ಎಲ್ಲ ಆಟ ಆಡುವ ಹಕ್ಕು ಊರವರಿಗೆ ಉಂಟು ಅಂತ ಒಪ್ಪಿದ್ದ. 1797ರಲ್ಲಿ ನಗರಸಭೆ ದಿವಾಳಿಯಾಗಿ ಆ ಜಾಗವನ್ನು ಪರಭಾರೆ ಮಾಡಿತು. ಅದು ಮೊಲ ಸಾಕುವ ವ್ಯಾಪಾರಿಗಳ ಕೈ ಸೇರಿತು. ಮೈದಾನ ತುಂಬ ಬಿಲ. ಊರವರು ಮೊಲ ಕೊಂದರು, ಕೋರ್ಟಿಗೆ ಹೋದರು, ಬೀದಿಯಲ್ಲಿ ಹೊಡೆದಾಡಿಕೊಂಡರು. ಸುಮಾರು 20 ವರ್ಷದ ಜಗಳ. 1821ರಲ್ಲಿ ಒಬ್ಬ ಜಮೀನುದಾರ ಅದನ್ನು ಕೊಂಡು ಆಟಕ್ಕೆ ಉಳಿಸಿದ. 1894ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಊರೇ ಅದನ್ನು ವಾಪಸು ಪಡೆಯಿತು. 1974ರಿಂದ ಕಾಯ್ದೆಯ ಪ್ರಕಾರ ರಚಿಸಿದ ಟ್ರಸ್ಟ್ ನಡೆಸುತ್ತಿದೆ.

ಮೊದಲ ಹೋಲ್‌ನ ಹಿಂದೆ ಕಾಣುವ ಆ ಪ್ರಸಿದ್ಧ ಕಲ್ಲಿನ ಕಟ್ಟಡ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್‌ನದ್ದು. ಆ ಕ್ಲಬ್ 2014ರ ತನಕ ಹೆಂಗಸರಿಗೆ ಸದಸ್ಯತ್ವವನ್ನೇ ಕೊಟ್ಟಿರಲಿಲ್ಲ. ಅಷ್ಟು ಮಡಿವಂತ ಕ್ಲಬ್‌ಗೂ ಎದುರಿನ ಮೈದಾನ ಸ್ವಂತದ್ದಲ್ಲ. ಕ್ಲಬ್ ಬೇರೆ, ನೆಲ ಬೇರೆ. ಆ ನೆಲದ ಮೇಲೆ ಒಂದು ಸಾರ್ವಜನಿಕ ರಸ್ತೆ ಮೊದಲ ಮತ್ತು ಕೊನೆಯ ಫೇರ್‌ವೇಗೆ ಅಡ್ಡಲಾಗಿ ಹಾದುಹೋಗುತ್ತದೆ. ಜನ ದಾಟುವಾಗ ಆಟಗಾರ ಕಾಯಬೇಕು. ಭಾನುವಾರ ಆಟಕ್ಕೆ ರಜೆ. ಅವತ್ತು ಊರವರು ನಾಯಿ ಹಿಡಿದುಕೊಂಡು ಅದೇ ಫೇರ್‌ವೇ ಮೇಲೆ ವಾಕಿಂಗ್ ಮಾಡುತ್ತಾರೆ.

ಅಲ್ಲಿ ಎಲ್ಲವೂ ಸರಿ ಉಂಟು ಅಂತಲ್ಲ. ಹೊರಗಿನವರಿಗೆ ಅಲ್ಲಿ ಆಡುವ ಫೀಸು ಕೇಳಿದರೆ ತಲೆ ತಿರುಗುತ್ತದೆ. ಆದರೆ ಆಡಲು ದುಡ್ಡು ಬೇಕಾಗುವುದು ಬೇರೆ, ಆ ನೆಲದ ಮೇಲೆ ಕಾಲಿಡಲಿಕ್ಕೇ ಸದಸ್ಯತ್ವ ಬೇಕಾಗುವುದು ಬೇರೆ.

ಇಲ್ಲಿ ಕೆರೆ, ಅಲ್ಲಿ ಲಿಂಕ್ಸ್

ಗಾಲ್ಫ್ ನಮ್ಮಲ್ಲಿಗೆ ಬಂದದ್ದು ಕಂಟೋನ್ಮೆಂಟ್, ಗಣಿ ಮತ್ತು ಅರಮನೆಯ ದಾರಿಯಲ್ಲಿ. ಕೋಲ್ಕತ್ತಾದಲ್ಲಿ 1829ರಲ್ಲಿ ಶುರುವಾದ ಕ್ಲಬ್, ಬ್ರಿಟಿಷ್ ದ್ವೀಪಗಳ ಹೊರಗಿನ ಅತಿ ಹಳೆಯದು. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಕೋಲಾರದ ಚಿನ್ನದ ಗಣಿಯ ಸಾಹೇಬರಿಗೂ ಒಂದು ಮೈದಾನ ಇತ್ತು. ನೀರಿಲ್ಲದ ಕಡೆ ಹುಲ್ಲಿನ ಗ್ರೀನ್ ಬದಲು ಮರಳಿಗೆ ಎಣ್ಣೆ ಬೆರೆಸಿ ತಟ್ಟಿದ ‘ಬ್ರೌನ್’ ಮಾಡುತ್ತಿದ್ದರು. ಒಣ ನಾಡಿಗೆ ಹೊಂದಿಕೊಂಡ ಜಾಣ ಉಪಾಯ. ಆಮೇಲೆ ಹಸಿರು ಹುಲ್ಲೇ ಬೇಕು ಅನ್ನುವ ಫ್ಯಾಷನ್ ಬಂತು, ಜೊತೆಗೆ ನೀರಿನ ಖರ್ಚೂ ಬಂತು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜನ ಕುಡಿಯುವ ನೀರಲ್ಲಿ ಗಿಡಕ್ಕೆ ನೀರು ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶಿಸಿದ್ದು ನೆನಪಿರಲಿ. ಅಂಥ ಊರಲ್ಲಿ ಯಾವ ಹುಲ್ಲಿಗೆ ಯಾವ ನೀರು ಅನ್ನುವುದೂ ರಾಜಕೀಯವೇ.

ಚಲ್ಲಘಟ್ಟ ನೋಡಿ. ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಪಕ್ಕ ಇವತ್ತು ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಕೋರ್ಸ್ ಇರುವುದು ಒಂದು ಕಾಲದ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಅದರ ವಿನ್ಯಾಸ ಮಾಡಿದವರು. ಒಳ್ಳೆಯ ಕೋರ್ಸ್ ಅಂತ ಆಡುವವರು ಹೇಳುತ್ತಾರೆ, ಇರಬಹುದು. ಆದರೆ ಆ ವಿನ್ಯಾಸದಲ್ಲಿ ಕೆರೆ ಉಳಿಯಲಿಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣ ಆಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯಿತು. ಅಲ್ಲಿ ಕಡೇಪಕ್ಷ ಟಿಕೆಟ್ ತಗೊಂಡು ಯಾರೂ ಒಳಗೆ ಹೋಗಬಹುದು. ಚಲ್ಲಘಟ್ಟಕ್ಕೆ ಬಂದದ್ದು ಗೇಟು.

ಹಾಗಾದರೆ ಒಡೆದು ಹಾಕಬೇಕಾ?

ಬೇಡ. ಕ್ಲಬ್‌ನವರು ಹೇಳುವ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಗಾಲ್ಫ್ ಇರದಿದ್ದರೆ ಆ ಜಾಗದಲ್ಲಿ ಇವತ್ತು ಅಪಾರ್ಟ್‌ಮೆಂಟ್ ಇರುತ್ತಿತ್ತು. ಮರ ಉಳಿದಿದೆ, ಮಳೆನೀರು ಇಂಗಲು ಮಣ್ಣು ಉಳಿದಿದೆ. ‘ಗಾಲ್ಫ್ ಓಡಿಸಿ’ ಅನ್ನುವ ಘೋಷಣೆಯ ಹಿಂದೆ ರಿಯಲ್ ಎಸ್ಟೇಟ್‌ನವರು ನಿಂತಿದ್ದರೆ ನಮಗೆ ಗೊತ್ತೂ ಆಗಲಿಕ್ಕಿಲ್ಲ.

ಕೇಳಬೇಕಾದ್ದು ಬೇರೆ. ಸರ್ಕಾರಿ ನೆಲವನ್ನು ಕ್ಲಬ್‌ಗೆ ಗುತ್ತಿಗೆ ಕೊಟ್ಟ ಕಡೆಯಲ್ಲೆಲ್ಲ, ನವೀಕರಣದ ಕಾಗದದಲ್ಲಿ ಮೂರು ಸಾಲು ಸೇರಲಿ. ವಾರಕ್ಕೊಂದು ದಿನ ಮೈದಾನ ಎಲ್ಲರಿಗೂ ಮುಕ್ತ. ಶುದ್ಧೀಕರಿಸಿದ ನೀರು ಮಾತ್ರ ಬಳಕೆ, ಲೆಕ್ಕ ಬಹಿರಂಗ. ಹಳೆಯ ಕೆರೆ, ರಾಜಕಾಲುವೆ, ಕಾಲುದಾರಿ ಇದ್ದರೆ ಅವನ್ನು ಗುರುತಿಸಿ ಬಿಟ್ಟುಕೊಡುವುದು. ‘ಚೆಂಡು ತಾಗಿದರೆ?’ ಅಂತ ಕೇಳುವವರಿಗೆ ಸೇಂಟ್ ಆಂಡ್ರ್ಯೂಸ್‌ನ ಆ ರಸ್ತೆಯೇ ಉತ್ತರ. ಕೋರ್ಸ್ ಬದಲಾಗಬಲ್ಲದು. ಅದರ ಇತಿಹಾಸವೇ ಬದಲಾವಣೆಯ ಇತಿಹಾಸ.

ಇನ್ನು ನಮ್ಮ ಪದವಿನ ಮಾತು. ಮಂಗಳೂರಿನ ಹತ್ತಿರ ಪಿಲಿಕುಳ ನಿಸರ್ಗಧಾಮದಲ್ಲಿ ಮೃಗಾಲಯ, ಗುತ್ತುಮನೆ, ತಾರಾಲಯದ ಜೊತೆ ಒಂದು ಗಾಲ್ಫ್ ಕೋರ್ಸ್ ಕೂಡ ಉಂಟು. ಅಂದರೆ ಆಟ ಇಲ್ಲಿಗೆ ಆಗಲೇ ಬಂದಿದೆ. ವಾಮದಪದವಿಗೆ ನಾಳೆ ಗಾಲ್ಫ್ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಕೆಂಪುಕಲ್ಲಿನ ಕೋರೆ ಬರಬಹುದು, ರೆಸಾರ್ಟ್ ಬರಬಹುದು, ‘ಕ್ರೀಡಾ ಪ್ರವಾಸೋದ್ಯಮ’ ಬರಬಹುದು. ಯಾವುದು ಬಂದರೂ ಮೊದಲು ಕೇಳುವುದು ‘ಖಾಲಿ ಬಿದ್ದ’ ಜಾಗವನ್ನೇ.

ಪದವು ಎಲ್ಲರಿಗೂ ಸಮಾನವಾಗಿತ್ತು ಅಂತ ಸುಳ್ಳು ಹೇಳುವುದೂ ಬೇಡ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮು ಕುಮ್ಕಿಯ ಸೊಪ್ಪು, ಸೌದೆ, ಮೇವಿನ ಸವಲತ್ತನ್ನು ಕಾಪಾಡಿದ್ದು ಪಕ್ಕದ ಜಮೀನು ಇದ್ದವರಿಗೆ. ಜಮೀನೇ ಇಲ್ಲದವರು ದನ ಮೇಯಿಸಿದ್ದು, ದರಗು ಗುಡಿಸಿದ್ದು ಯಾವ ಕಾಗದದಲ್ಲೂ ಇಲ್ಲ. ಗ್ರಾಮದ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ 2011ರ ಜಗ್ಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಆದರೆ ಯಾವುದು ಸಾಮೂಹಿಕ ಅಂತ ಬರೆದಿಡದಿದ್ದರೆ ತೆರವು ಮಾಡುವುದು ಎಂತದನ್ನು?

ಸೇಂಟ್ ಆಂಡ್ರ್ಯೂಸ್‌ನವರ ಬಳಿ 1552ರ ಒಂದು ಕಾಗದ ಇತ್ತು. ಮೊಲದ ವ್ಯಾಪಾರಿಗಳ ಎದುರು ನಿಲ್ಲಲು ಅದೇ ಬಲವಾಯಿತು. ಮುಂದಿನ ಗ್ರಾಮಸಭೆಗೆ ಹೋಗುವವರು ತಮ್ಮ ಪದವಿನ ಸರ್ವೆ ನಂಬರು ಹಿಡಿದುಕೊಂಡು ಹೋಗಿ. ಅಲ್ಲಿ ಯಾರು ನಡೆಯುತ್ತಾರೆ, ಯಾರ ದನ ಮೇಯುತ್ತದೆ, ಯಾವ ಮಕ್ಕಳು ಆಡುತ್ತಾರೆ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ.