ರೇಸಿಗೆ ರೆಡಿನಾ? ಇಳಿಜಾರಿಗೆ ಕೇಳ್ರಿ

ದಸರಾ ಮುಗಿದು ಬಿಸಿಲು ಸ್ವಲ್ಪ ತಗ್ಗಿತು ಅಂದರೆ ನಮ್ಮ ಸೈಕಲ್ ಗುಂಪಿನಲ್ಲಿ ಒಂದೇ ಮಾತು ಶುರುವಾಗುತ್ತದೆ. ಯಾರೋ ಒಬ್ಬರು ಎಂಟಿಬಿ, ಅಂದರೆ ಮೌಂಟನ್ ಬೈಕ್ ರೇಸಿನ ಫಾರ್ಮ್ ತಂದು ವಾಟ್ಸಾಪಿಗೆ ಹಾಕ್ತಾರೆ. ಕೆಳಗೆ ಸಾಲಾಗಿ ಪ್ರಶ್ನೆ ಬೀಳ್ತವೆ: "ನಾ ರೆಡಿ ಇದೀನೇನ್ರೋ?" ಉತ್ತರ ಕೊಡೋರು ನಾವೇ. ಸೀನಿಯರ್ ಅನ್ನೋದೊಂದೇ ನಮಗಿರುವ ಅರ್ಹತೆ. ಎರಡು ವರ್ಷ ಹೀಗೆ ಉತ್ತರ ಕೊಟ್ಟಿದ್ದೇವೆ, ಅದರಲ್ಲಿ ಎರಡು ಸಲ ಪೂರ್ತಿ ತಪ್ಪಾಗಿ ಕೊಟ್ಟಿದ್ದೇವೆ. ಅದಕ್ಕೇ ಈ ಲೇಖನ.

ಮೊದಲನೆಯವನು ಮಾನ್ವಿ ಕಡೆಯ ಹುಡುಗ. ಅವರ ಹೊಲ ತುಂಗಭದ್ರಾ ಎಡದಂಡೆ ಕಾಲುವೆಗೆ ಹತ್ತಿರ. ಕಾಲುವೆ ಏರಿ ಮೇಲಿನ ಮಣ್ಣಿನ ದಾರಿ ಸೈಕಲ್‌ನವರಿಗೆ ಹಬ್ಬ ಇದ್ದಂಗೆ. ಲಾರಿ ಇಲ್ಲ, ಸಿಗ್ನಲ್ ಇಲ್ಲ, ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತ. ತಲೆ ಬಗ್ಗಿಸಿ ತುಳಿಯೋದೊಂದೇ ಕೆಲಸ. ಅವನು ದಿನಾ ಬೆಳಿಗ್ಗೆ ತುಳಿದ. ಒಂದು ಶನಿವಾರ ಮಾನ್ವಿಯಿಂದ ರಾಯಚೂರಿನ ಹಾಸ್ಟೆಲ್‌ಗೆ ಸೈಕಲ್ ಮೇಲೇ ಬಂದುಬಿಟ್ಟ. ಸುಮಾರು 45 ಕಿ.ಮೀ. ದಾರಿ, ಬಂದವನು ಕೈಕಾಲು ತೊಳೆದು ನೇರ ಮೆಸ್ಸಿಗೆ ಹೋಗಿ ಊಟಕ್ಕೆ ಕೂತ. ನಮಗೆ ಇನ್ನೇನು ಬೇಕು? "ನೀ ರೆಡಿ ಇಲ್ಲಂದ್ರ ಯಾರದಾರ ಲೇ? ಹೆಸರು ಬರಸು" ಅಂದೆವು.

ರೇಸು ಬೇರೆ ಜಿಲ್ಲೆಯಲ್ಲಿ, ಗುಡ್ಡದ ಕೋರ್ಸು. ಮೊದಲ ಸುತ್ತಿನಲ್ಲಿ ಏರಿನ ಮೇಲೆ ಅವನು ಹತ್ತು ಜನರನ್ನಾದರೂ ಹಿಂದೆ ಹಾಕಿದ. ನಾವು ದಾರಿ ಬದಿ ನಿಂತು ಕೂಗಿ ಕೂಗಿ ಗಂಟಲು ಹರಕೊಂಡೆವು. ಎರಡನೇ ಸುತ್ತಿನ ಇಳಿಜಾರಿನಲ್ಲಿ ಸಡಿಲ ಗರಸಿನ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡಿದ. ಹ್ಯಾಂಡಲ್ ದಾಟಿ ಹೋಗಿ ಬಿದ್ದ, ಕಾಲರ್ ಬೋನ್ ಮುರೀತು. ಹಿಂದೆ ಬರುತ್ತಿದ್ದ ಇನ್ನೊಬ್ಬ, ನಮಗೆ ಗುರುತೇ ಇಲ್ಲದ ಹುಡುಗ, ಇವನ ಮೇಲೆ ಹಾಯ್ದು ಮಣಿಕಟ್ಟು ಮುರ್ಕೊಂಡ. ಮರುದಿನ ಮಾನ್ವಿಯಿಂದ ಅಪ್ಪ ಬಂದರು. ಬೈಯಲಿಲ್ಲ. "ತಮ್ಮಾ, ನೀವು ಕಲಿತವರಿದ್ದೀರಿ. ಇವ ತಯಾರದಾನ ಅಂತ ಹೇಳಿದವರು ಯಾರಪಾ?" ಅಂತ ಅಷ್ಟೇ ಕೇಳಿದರು. ನಾವು ನೆಲ ನೋಡಿದೆವು.

ಎರಡನೆಯವಳು ದೇವದುರ್ಗ ತಾಲ್ಲೂಕಿನ ಹಳ್ಳಿಯ ಜೂನಿಯರ್. ಭಾನುವಾರ ನಾವು ಕಲ್ಮಲಾ ತನಕ ಹೋಗಿ ಬರುವಾಗ ಡಾಂಬರು ರಸ್ತೆ ಮೇಲೆ ಯಾವಾಗಲೂ ಕೊನೆಗೆ ಬರೋಳು. ಅವಳೂ ಫಾರ್ಮ್ ನೋಡಿ ಕೇಳಿದ್ದಳು. "ಇನ್ನೂ ಸ್ವಲ್ಪ ಪ್ರಾಕ್ಟೀಸ್ ಆಗಲಿ, ಒಂದು ಚಲೋ ಗೇರ್ ಸೈಕಲ್ ತಗೋ, ಮುಂದಿನ ವರ್ಷ ನೋಡೂನು" ಅಂದಿದ್ದೆವು. "ಆಯ್ತಣ್ಣಾ" ಅಂದು ಸುಮ್ಮನಾದಳು. ಈ ಸಲ ಶ್ರಾವಣದಲ್ಲಿ ಅವರೂರ ಜಾತ್ರೆಗೆ ಹೋದೆವು, ಸೈಕಲ್ಲೂ ಒಯ್ದಿದ್ದೆವು. ಊರ ಹಿಂದೆ ದೇವದುರ್ಗದ ಕಡೆಯ ಕಲ್ಲುಗುಡ್ಡ. ಅದರ ಹೆಗಲ ಮೇಲೆ ಹಾದು ಆಚೆ ಇಳಿಯೋ ಕಾಲುದಾರಿ. ನಾವು ಮೂವರು ಇಳಿದು ಸೈಕಲ್ ತಳ್ಕೊಂಡು ಹೊಂಟೆವು. ಅವಳು ನಮ್ಮದೇ ಒಂದು ಸೈಕಲ್ ಇಸ್ಕೊಂಡು, ಚೂಡಿದಾರದ ಮೇಲೇ, ಸೀಟಿನಿಂದ ಸ್ವಲ್ಪ ಎದ್ದು ಹಿಂದೆ ಸರಿದು, ಬಂಡೆಗಳ ನಡುವೆ ಇಳಿದು ಹೋಗಿ ಕೆಳಗೆ ನಿಂತು ನಮ್ಮ ಕಡೆ ನೋಡಿದಳು. ಇದು ಅವಳ ಹೈಸ್ಕೂಲಿನ ದಾರಿಯಂತೆ. 2006-07ರಿಂದ ಸರ್ಕಾರ 8ನೇ ತರಗತಿಯವರಿಗೆ ಕೊಡುತ್ತಿತ್ತಲ್ಲ, ಆ ಸೈಕಲ್ ಮೇಲೆ ಮೂರು ವರ್ಷ ಇದೇ ಕಲ್ಲಿನಲ್ಲಿ ಓಡಾಡಿದ್ದಾಳೆ. ಅದಕ್ಕೆ ಗೇರೂ ಇರಲಿಲ್ಲ, ಸಸ್ಪೆನ್ಶನ್ನೂ ಇರಲಿಲ್ಲ.

ಅಂದರೆ ರೆಡಿ ಇಲ್ಲದವನಿಗೆ ರೆಡಿ ಅಂದೆವು, ರೆಡಿ ಇದ್ದವಳಿಗೆ ಇಲ್ಲ ಅಂದೆವು. ಎರಡೂ ಸಲ ನಾವು ಅಳೆದದ್ದು ಒಂದನ್ನೇ: ಸಪಾಟು ದಾರಿಯ ವೇಗ. ಎಂಟಿಬಿ ರೇಸಿನಲ್ಲಿ ಸಪಾಟು ದಾರಿ ಇರೋದೇ ಕಮ್ಮಿ. 1996ರ ಅಟ್ಲಾಂಟಾ ಒಲಿಂಪಿಕ್ಸಿನಿಂದ ಆಡಿಸುತ್ತಿರುವ ಕ್ರಾಸ್ ಕಂಟ್ರಿ ರೇಸು ಏರು, ಇಳಿಜಾರು, ಕಲ್ಲು, ಬೇರು ಎಲ್ಲ ಇರೋ ಸುತ್ತು. ಈಗಿನ ಅಂತರರಾಷ್ಟ್ರೀಯ ನಿಯಮದಲ್ಲಿ ಒಂದು ಸುತ್ತು ಸುಮಾರು 4ರಿಂದ 6 ಕಿ.ಮೀ., ಹಿರಿಯರ ರೇಸು ಒಂದೂವರೆ ತಾಸಿನ ಆಸುಪಾಸು. ಹವ್ಯಾಸಿಗಳದು ಇದಕ್ಕಿಂತ ಚಿಕ್ಕದು ಇರಬಹುದು, ಆದರೆ ಜಾತಿ ಅದೇ. ಕಾಲಿನ ಬಲದಿಂದ ಏರು ಗೆಲ್ಲಬಹುದು. ಇಳಿಜಾರು ಕೇಳೋದು ಬೇರೆ.

ಹಾಗಾಗಿ ನಮ್ಮ ಈಗಿನ ಅಭಿಪ್ರಾಯ ಇಷ್ಟು: ಸುಸ್ತಾದ ಮೇಲೆ ಇಳಿಜಾರು ಹೇಗೆ ಇಳೀತೀರಿ ಅನ್ನೋದೇ ಮುಖ್ಯ ಪರೀಕ್ಷೆ. "ಸುಸ್ತಾದ ಮೇಲೆ" ಅನ್ನೋದನ್ನು ಮರೀಬೇಡ್ರಿ. ಮಾನ್ವಿಯ ಗೆಳೆಯ ಮೊದಲ ಸುತ್ತಿನಲ್ಲಿ ಅದೇ ಇಳಿಜಾರನ್ನು ಹೇಗೋ ಇಳಿದಿದ್ದ. ಎರಡನೇ ಸಲ ತೋಳು ಸೋತಿತ್ತು, ಕಣ್ಣು ಮುಂದಿನ ಗಾಲಿಗೇ ಅಂಟಿಕೊಂಡಿತ್ತು, ಗಾಬರಿಗೆ ಕೈ ಬ್ರೇಕನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟಿತು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತದೆ, ಹಾಗಾಗಿ ಮುಂದಿನ ಬ್ರೇಕಿಗೇ ಶಕ್ತಿ ಜಾಸ್ತಿ. ಇದು ಫಸ್ಟ್ ಇಯರ್ ಮೆಕ್ಯಾನಿಕ್ಸ್, ಪರೀಕ್ಷೆಯಲ್ಲಿ ಎಲ್ಲರೂ ಬರೆದು ಪಾಸಾಗಿದ್ದೇವೆ. ಗುಡ್ಡದ ಮೇಲೆ ಅದನ್ನು ಬೆರಳು ಕಲಿಯಬೇಕು. ಒಂದು ಬೆರಳು, ಎರಡೂ ಬ್ರೇಕು, ತಿರುವಿಗಿಂತ ಮೊದಲೇ ಮೆಲ್ಲಗೆ. ಪೆಡಲ್ ಎರಡೂ ಸಮ, ಸೊಂಟ ಹಿಂದೆ, ಕಣ್ಣು ಹೋಗಬೇಕಾದ ಕಡೆಗೆ. ಹೇಳೋಕೆ ಒಂದು ಸಾಲು, ಕಲಿಯೋಕೆ ನಮಗೆ ಒಂದು ಸೆಮಿಸ್ಟರ್ ಹಿಡೀತು.

ಕಲಿಯೋಕೆ ಜಾಗ ಇಲ್ಲ ಅಂತ ಮಾತ್ರ ಹೇಳಬೇಡ್ರಿ. ರಾಯಚೂರಿನ ಸುತ್ತ ಕಲ್ಲಿಗೇನು ಬರ? 1294ರಲ್ಲಿ ಕೋಟೆ ಕಟ್ಟಿದವರಿಗೇ ಕಲ್ಲು ಸಾಲದೆ ಬಂದಿಲ್ಲ. ಮಲಿಯಾಬಾದಿನ ಹಾಳು ಕೋಟೆ ಕಡೆ ಹೋಗಿ ನೋಡ್ರಿ (ಅಲ್ಲಿನ ಎರಡು ಕಲ್ಲಾನೆಗಳನ್ನೂ ನೋಡಿ ಬರ್ರಿ, ಊರಲ್ಲೇ ಇದ್ದು ನೋಡದವರು ನಮ್ಮ ಕ್ಲಾಸಲ್ಲೇ ಅರ್ಧ ಜನ ಇದ್ದಾರೆ). ಸಣ್ಣ ಏರು, ಸಣ್ಣ ಇಳಿಜಾರು ಇರೋ ನಾಲ್ಕು ಕಿ.ಮೀ. ಸುತ್ತೊಂದು ಗುರುತು ಮಾಡ್ಕೊಂಡು ಐದು ಸಲ ಹೊಡೀರಿ, ಪ್ರತಿ ಸುತ್ತಿನ ಸಮಯ ಬರೆದಿಡ್ರಿ. ಐದನೆಯದು ಎರಡನೆಯದಕ್ಕಿಂತ ಎರಡು ಮೂರು ನಿಮಿಷ ಹೆಚ್ಚಾದರೆ ಚಿಂತಿಲ್ಲ. ಕೊನೆಯ ಸುತ್ತಿನ ಇಳಿಜಾರಿನಲ್ಲಿ ಹಲ್ಲು ಕಚ್ಚಿ ದೇವರ ಹೆಸರು ಹೇಳ್ಕೊಂಡು ಇಳಿದಿದ್ರೆ ಮಾತ್ರ ಇನ್ನೂ ಟೈಮ್ ಬೇಕು. ಇಳಿಯಲಾಗದ ಕಡೆ ಮೊದಲೇ ನಿಂತು, ಹಿಂದಿನವರಿಗೆ ದಾರಿ ಬಿಟ್ಟು, ಸೈಕಲ್ ಹೆಗಲಿಗೆ ಹಾಕಿ ನಡೆಯೋಕೆ ನಾಚಿಕೆ ಆಗದಿದ್ರೆ, ಅದನ್ನೂ ತಯಾರಿ ಅಂತಲೇ ಲೆಕ್ಕ ಹಾಕ್ತೇವೆ.

ಇನ್ನು ಮುಳ್ಳು. ನಮ್ಮ ಕಡೆ ಬಳ್ಳಾರಿ ಜಾಲಿ, ನೆಗ್ಗಿಲು ಮುಳ್ಳು ಇಲ್ಲದ ದಾರಿಯೇ ಇಲ್ಲ. ರೇಸಿನ ನಡುವೆ ಪಂಚರ್ ಆದರೆ ಅಂಗಡಿಯ ಮಾಮಾ ಬರೋದಿಲ್ಲ. ಟ್ಯೂಬ್ ಬದಲಿಸಿ, ಗಾಳಿ ಹಾಕಿ, ಬಿಟ್ಟ ಚೈನ್ ಹಾಕೋಕೆ ಬರಬೇಕು. ಗಾಳಿ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಪ್ರೀತಿಯಿಂದ ಕಲ್ಲಿನಂಗೆ ತುಂಬಿ ಕೊಡ್ತಾರೆ. ಗರಸಿನ ಮೇಲೆ ಅಂಥ ಟೈರು ಪುಟಿಯುತ್ತದೆ, ಹಿಡಿತ ಸಿಗೋದಿಲ್ಲ. ಎಂಟಿಬಿ ಟೈರಿಗೆ ಮೈತೂಕ ನೋಡಿ 30 ಪಿಎಸ್‌ಐ ಹತ್ತಿರ ಸಾಕು. ಮಳೆ ಬಿದ್ದ ಮರುದಿನ ಎರೆಹೊಲದ ದಾರಿಗೆ ಮಾತ್ರ ಇಳೀಬೇಡ್ರಿ, ಸೈಕಲ್ ಹೊತ್ಕೊಂಡು ಬರಬೇಕಾಗ್ತದ. ನಾವು ಬಂದಿದ್ದೇವೆ.

ಕಾಲುವೆ ಏರಿ ಬೇಡ ಅಂತ ಅಲ್ಲ. ದಮ್ಮು ಬೆಳೆಸೋಕೆ ಅದಕ್ಕಿಂತ ಚಲೋ ಜಾಗ ಇಲ್ಲ. ವಾರಕ್ಕೆ ಎರಡು ದಿನ ಅಲ್ಲಿ, ಎರಡು ದಿನ ಕಲ್ಲಿನಲ್ಲಿ ಅಂದರೆ ಸರಿ.

ಇನ್ನೊಂದು ಮಾತು ಯಾವಾಗಲೂ ಬರ್ತದೆ: "ಮೊದಲನೇ ರೇಸೇ ಪರೀಕ್ಷೆ, ಹೋಗಿ ಕಲೀಬೇಕಪ್ಪಾ." ಕಾಲಿನ ಮಟ್ಟಿಗೆ ಇದು ಪೂರ್ತಿ ನಿಜ. ಕೊನೆಗೆ ಬಂದರೆ ಯಾರಿಗೂ ನಷ್ಟ ಇಲ್ಲ. ದೊಡ್ಡ ರೇಸುಗಳಲ್ಲಿ ಶೇ. 80ರ ನಿಯಮ ಅಂತ ಒಂದಿದೆ. ಮುಂದಿರುವವನ ಮೊದಲ ಸುತ್ತು 15 ನಿಮಿಷದ್ದಾದರೆ, ಅವನಿಗಿಂತ ಸುಮಾರು 12 ನಿಮಿಷ ಹಿಂದೆ ಬಿದ್ದವರನ್ನು ಹೊರಗೆ ಕರೀತಾರೆ. ಅದೇನು ಅವಮಾನ ಅಲ್ಲ, ದಾರಿ ಖಾಲಿ ಇಡೋ ವ್ಯವಸ್ಥೆ. ಬೆಂಗಳೂರಿನ ನವೀನ್ ಜಾನ್ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ನಮ್ಮ ಹಾಗೇ ಎಂಜಿನಿಯರಿಂಗ್ ಓದುವಾಗ ರೇಸಿಗೆ ಇಳಿದವರು, ಮುಂದೆ ದೇಶದ ಟೈಮ್ ಟ್ರಯಲ್ ಚಾಂಪಿಯನ್ ಆದರು. ಅವರದು ರೋಡ್ ಸೈಕಲ್, ಆದರೂ ತಡವಾಯ್ತು ಅನ್ನೋರಿಗೆ ಹೇಳ್ತಿದ್ದೇವೆ. ಬ್ರೇಕಿನ ಮಟ್ಟಿಗೆ ಮಾತ್ರ ಈ ಮಾತು ನಾವು ಒಪ್ಪೋದಿಲ್ಲ. ಒಬ್ಬರೇ ಹೋಗೋ ಕಿರುದಾರಿಯಲ್ಲಿ ನೀವು ಕಲಿಯೋಕೆ ಬಿದ್ದರೆ ಹಿಂದಿನವರ ಮಣಿಕಟ್ಟು ಮುರೀತದೆ. ಆ ಹುಡುಗನ ಹೆಸರು ಕೂಡ ನಾವು ಕೇಳ್ಕೊಳ್ಳಲಿಲ್ಲ ಅನ್ನೋದು ಈಗ ಚುಚ್ಚುತ್ತದೆ.

ಹಾಗೇ ಸೈಕಲ್ ತಗೋ ಅಂತ ಸಲಹೆ ಕೊಡೋದನ್ನೂ ನಿಲ್ಲಿಸಿದ್ದೇವೆ. ಎರಡೂ ಬ್ರೇಕು ಸರಿಯಾಗಿ ಹಿಡಿಯೋ, ಗೇರು ಜಾರದ, ಅಗಲ ಟೈರಿನ ಸಾದಾ ಸೈಕಲ್ಲೂ ಒಂದು ಗಟ್ಟಿ ಹೆಲ್ಮೆಟ್ಟೂ ಇದ್ದರೆ ಮೊದಲ ರೇಸಿಗೆ ಸಾಕು. ಅಡ್ಡಿ ಬರೋದು ನಿಜವಾಗಿ ದೂರ. ಸೈಕ್ಲಿಂಗ್ ಅಂದರೆ ಈ ರಾಜ್ಯದಲ್ಲಿ ವಿಜಯಪುರ, ಬಾಗಲಕೋಟೆ. 2022ರಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಶಿಪ್ ನಡೆದದ್ದು ಗದಗದಲ್ಲಿ. ನಾವು ಬಸ್ಸಿನ ಮೇಲೆ ಸೈಕಲ್ ಕಟ್ಟಿ, ಕಂಡಕ್ಟರ್ ಕಡೆ ಲಗೇಜ್ ಚಾರ್ಜಿಗೆ ಜಗಳಾಡಿ, ರಾತ್ರಿಯೆಲ್ಲಾ ಕೂತು ಹೋಗೋರು. ಹುಡುಗಿಯರಿಗೆ ಜೊತೆಗೆ ಹಾಸ್ಟೆಲ್ ಪರ್ಮಿಷನ್ನು, ಮನೆಯ ಒಪ್ಪಿಗೆ ಬೇರೆ. ದೇವದುರ್ಗದ ಗೆಳತಿ ಮೊನ್ನೆ ಹೇಳಿದಳು: "ಅಣ್ಣಾ, ಇಳಿಯೋದು ನನಗೇನು ಕಷ್ಟ ಇಲ್ಲ. ಅಪ್ಪಗ ಫೋನ್ ಮಾಡಿ ಯಾರ್ ಹೇಳ್ತೀರಿ, ಅದು ಹೇಳ್ರಿ." ನಾವು ಫೋನ್ ಮಾಡಿದೆವು. ನಮ್ಮ ಕನ್ನಡ ಸಂಘದ ಮೇಡಂ ಅವರೂ ಮಾತಾಡಿದರು. ಈ ಸಲದ ಫಾರ್ಮ್‌ನಲ್ಲಿ ಅವಳ ಹೆಸರು ಮೊದಲನೆಯದು.

ಮಾನ್ವಿಯ ಗೆಳೆಯ ಈ ವರ್ಷ ಹೆಸರು ಕೊಟ್ಟಿಲ್ಲ. ಎಲುಬು ಕೂಡಿದೆ, ಕಾಲುವೆ ಏರಿ ಮೇಲೆ ಮತ್ತೆ ತುಳಿಯಾಕತ್ಯಾನ. ಬರೋ ಭಾನುವಾರ ಅವಳ ಊರ ಗುಡ್ಡಕ್ಕೆ ಅವನೂ ಬರ್ತಾನೆ, ಇಳಿಯೋದು ಕಲಿಸೋಳು ಅವಳೇ. ಬರೋರು ಬೆಳಿಗ್ಗೆ ಐದೂವರೆಗೆ ಬಸ್ ಸ್ಟ್ಯಾಂಡ್ ಮುಂದೆ ಸೇರ್ರಿ, ಒಂಬತ್ತರ ಮೇಲೆ ಬಿಸಿಲು ಬಿಡೋದಿಲ್ಲ. ಎರಡು ಬಾಟಲಿ ನೀರು, ಒಂದು ಟ್ಯೂಬು, ಪಂಪು ತರ್ರಿ. ಪಂಪು ಕಳೆದ ಸಲದಂಗ ಎಲ್ಲರೂ ಇನ್ನೊಬ್ಬರು ತರ್ತಾರಂತ ಬಿಟ್ಟು ಬರಬೇಡ್ರಿ.