ನಿಂತಲ್ಲಿಂದಲೇ ಲೆಕ್ಕ

ಸರಳರೇಖೆಯ ಸಮೀಕರಣವನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆಯುವವರಲ್ಲಿ ನಾನೂ ಒಬ್ಬನಾಗಿದ್ದೆ. ದೋಷ ಗಣಿತದ್ದಲ್ಲ, ಕಲಿತ ಕ್ರಮದ್ದು ಎಂದು ಈಗ ನನಗನ್ನಿಸುತ್ತದೆ.

ಜ್ವರದ ಮಾತನ್ನೇ ತೆಗೆದುಕೊಳ್ಳೋಣ. ಉಷ್ಣಮಾಪಕ 40 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದೆ. ಮನೆಯವರಿಗೆ ರೂಢಿಯಾದದ್ದು ಫ್ಯಾರನ್‌ಹೀಟ್ ಲೆಕ್ಕ. ಇವೆರಡರ ಸಂಬಂಧ ಒಂದು ಸರಳರೇಖೆ. ಸೆಲ್ಸಿಯಸ್ 5 ಏರಿದರೆ ಫ್ಯಾರನ್‌ಹೀಟ್ 9 ಏರುತ್ತದೆ. ಆದ್ದರಿಂದ ರೇಖೆಯ ಇಳಿಜಾರು 9/5. ಶಾಲೆಯಲ್ಲಿ ಕಲಿತ ಸೂತ್ರ 32ರಿಂದ, ಎಂದರೆ ನೀರು ಹೆಪ್ಪುಗಟ್ಟುವಲ್ಲಿಂದ ಹೊರಡುತ್ತದೆ. ರೋಗಿಯ ಮಗ್ಗುಲಲ್ಲಿ ಕುಳಿತವನಿಗೆ ಮಂಜುಗಡ್ಡೆಯ ಗೊಡವೆ ಏಕೆ? ಆರೋಗ್ಯವಂತನ ಮೈಬಿಸಿಯೆಂದು ನಾವೆಲ್ಲ ಬಲ್ಲ ಬಿಂದುವೊಂದಿದೆ: ಸೆಲ್ಸಿಯಸ್ 37, ಫ್ಯಾರನ್‌ಹೀಟ್ 98.6. ಅದನ್ನೇ ಹಿಡಿದು ಬರೆಯೋಣ:

ಫ − 98.6 = 9/5 (ಸ − 37)

‘ಸ’ ಇರುವಲ್ಲಿ 40 ಇಟ್ಟರೆ, 3 ಡಿಗ್ರಿಯ ಏರಿಕೆ 5.4 ಆಗಿ, ‘ಫ’ 104 ಎಂದು ಬರುತ್ತದೆ. ವೈದ್ಯರಲ್ಲಿಗೆ ಹೊರಡಲು ಇನ್ನು ತಡಮಾಡಬೇಕಿಲ್ಲ.

ಬಿಂದು-ಇಳಿಜಾರು ರೂಪದ ಹಿರಿಮೆ ಇದೇ: ರೇಖೆಯ ಮೇಲೆ ನಮಗೆ ಪರಿಚಿತವಾದ ಯಾವ ಬಿಂದುವಿನಿಂದಲಾದರೂ ಹೊರಡಬಹುದು. ಇದನ್ನು ಮೊದಲು ಕಲಿಸಿದರೆ, ಕಲಾ ವಿದ್ಯಾರ್ಥಿಯೂ ಗಣಿತಕ್ಕೆ ಹೆದರಲಾರನೆಂಬುದು ನನ್ನ ನಂಬಿಕೆ.