ಕಾಳ್ಗಿಚ್ಚು ಹೊಸ್ತಿಲಿಗೆ ಬರುವ ಮುನ್ನ

ಶಿವರಾತ್ರಿಯ ಹೊತ್ತಿಗೆ ಬಿಳಿಗಿರಿರಂಗನ ಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದವರೆಗಿನ ಕಾಡು ಒಣಗಿ ನಿಂತಿರುತ್ತದೆ. ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳ ಕಾಡಂಚಿನ ಊರುಗಳಿಗೂ ಪೋಡುಗಳಿಗೂ ಅದು ಆತಂಕದ ಕಾಲ. ಬೆಂಕಿ ಬಿದ್ದೊಡನೆ ‘ಹಚ್ಚಿದವರು ಯಾರು?’ ಎಂಬ ಪ್ರಶ್ನೆ ಏಳುತ್ತದೆ. ‘ಉರಿಯಲು ಇಷ್ಟೊಂದು ಉರುವಲು ಹೇಗೆ ಸೇರಿತು?’ ಎಂದು ಕೇಳುವವರು ವಿರಳ.

ಸೋಲಿಗರಿಗೆ ಬೆಂಕಿ ಹೊಸದಲ್ಲ. ಬೇಸಿಗೆ ಬಲಿಯುವ ಮುನ್ನ ಅವರು ಹಾಕುತ್ತಿದ್ದ ‘ತರಗು ಬೆಂಕಿ’ ನೆಲಮಟ್ಟದಲ್ಲಿ ಹರಿದು ತಾನೇ ಆರುತ್ತಿತ್ತು. ಅದರಿಂದ ಹುಲ್ಲು ಚಿಗುರುತ್ತಿತ್ತು, ನೆಲ್ಲಿಮರವನ್ನು ಹೀರುವ ಉಪ್ಪಿಲು ಹತೋಟಿಯಲ್ಲಿರುತ್ತಿತ್ತು ಎಂಬುದು ಹಿರಿಯರ ಅನುಭವ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ ಮೇಲೆ ಆ ರೂಢಿ ನಿಂತಿತು. ಮುಂದಿನ ದಶಕಗಳಲ್ಲಿ ಲಾಂಟಾನ ಕಾಡನ್ನು ಆವರಿಸಿತು. ಆಳೆತ್ತರದ ಆ ಪೊದೆ ಒಣಗಿದರೆ ನೆಲದ ಕಿಚ್ಚನ್ನು ಮರದ ತಲೆಗೇರಿಸುವ ಏಣಿಯಾಗುತ್ತದೆ. ನೆರೆಯ ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ 4000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟದ್ದನ್ನು ಯಾರೂ ಮರೆತಿಲ್ಲ.

ಹಾಗೆಂದು ಇಂದೇ ತರಗು ಬೆಂಕಿಗೆ ಮರಳಬೇಕೆಂದಲ್ಲ. ಲಾಂಟಾನ ತುಂಬಿದ ಕಾಡಿನಲ್ಲಿ ಅದು ಅನಾಹುತವೇ ಸರಿ. ಕಾನೂನಿನಲ್ಲಿ ಅಪರಾಧವೂ ಹೌದು. ಮೊದಲು ಲಾಂಟಾನವನ್ನು ಬೇರುಸಹಿತ ಕಿತ್ತು, ಬಳಿಕ ಎಲ್ಲಿ, ಯಾವಾಗ, ಎಷ್ಟು ಸುಡಬೇಕೆಂಬುದನ್ನು ಇಲಾಖೆ ಮತ್ತು ಗ್ರಾಮಸಭೆ ಕೂಡಿ ನಿರ್ಧರಿಸಬೇಕು. 2006ರ ಅರಣ್ಯ ಹಕ್ಕು ಕಾಯಿದೆ ಕಾಡನ್ನು ರಕ್ಷಿಸುವ ಅಧಿಕಾರವನ್ನು ಗ್ರಾಮಸಭೆಗೆ ನೀಡಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಮುದಾಯ ಹಕ್ಕುಗಳನ್ನೂ ಪಡೆದರು. ಹೀಗಿರುವಾಗ ಕಾಡು ಬಲ್ಲವರನ್ನು ಬೆಂಕಿ ಬಡಿಯುವ ದಿನಗೂಲಿಗಷ್ಟೇ ಕರೆದು, ಯೋಜನೆ ರೂಪಿಸುವಾಗ ದೂರವಿಡುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ಆ ಬದಲಾವಣೆ ಬರುವವರೆಗೆ ಮನೆಗಳು ಕಾಯುತ್ತ ಕೂರುವಂತಿಲ್ಲ. ಗಾಳಿಯಲ್ಲಿ ಹಾರಿ ಬರುವ ಒಂದು ಕಿಡಿ ಹುಲ್ಲಿನ ಮಾಡಿಗೆ ಸಾಕು. ಸಂಕ್ರಾಂತಿಯೊಳಗೆ ಮನೆಯ ಸುತ್ತ 30 ಅಡಿ ಒಣಹುಲ್ಲು, ತರಗು ತೆಗೆಯಬೇಕು. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ವೇಗವಾಗಿ ಏರುವುದರಿಂದ ಕೆಳಬದಿಯಲ್ಲಿ ಇನ್ನೂ ಹೆಚ್ಚು ಜಾಗ ಬಿಡಬೇಕು. ಹೆಂಚಿನ ಮೇಲಿನ ಎಲೆ ಗುಡಿಸಬೇಕು. ಹುಲ್ಲಿನ ಬಣವೆ, ಸೌದೆಯ ರಾಶಿ ಗೋಡೆಗೆ ತಾಗದಂತೆ ದೂರವಿರಬೇಕು. ಡ್ರಮ್ಮಿನಲ್ಲಿ ನೀರು ತುಂಬಿರಲಿ. ಹಕ್ಕುಪತ್ರ, ಪಡಿತರ ಚೀಟಿಗಳು ಕೈಗೆ ಸಿಗುವಂತೆ ಒಂದೇ ಡಬ್ಬಿಯಲ್ಲಿರಲಿ. ಬೆಂಕಿ ಹತ್ತಿರವಾದರೆ ದನಕರುಗಳ ಹಗ್ಗ ಬಿಚ್ಚಬೇಕು, ವೃದ್ಧರನ್ನೂ ಮಕ್ಕಳನ್ನೂ ಮೊದಲು ಸಾಗಿಸಬೇಕು, 112ಕ್ಕೆ ಕರೆ ಮಾಡಬೇಕು. ಗುಡ್ಡದ ಮೇಲಕ್ಕೆ ಮಾತ್ರ ಓಡಬಾರದು.

ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವ ಭಕ್ತರಿಗೂ ಹೊಣೆಯುಂಟು. ದಾರಿಬದಿಯ ಒಲೆಯನ್ನು ನೀರೆರೆದು ಆರಿಸದೆ ಹೊರಡುವುದು ಭಕ್ತಿಯೆನಿಸದು. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಈ ಮಾತನ್ನು ಮನೆಮನೆಗೆ ಮುಟ್ಟಿಸಬಲ್ಲರು. ಬೆಂಕಿ ಬಿದ್ದ ಮೇಲೆ ಸೇರುವ ಗ್ರಾಮಸಭೆಗಿಂತ, ಬೀಳುವ ಮುನ್ನ ಮಾರ್ಗಶಿರದಲ್ಲೇ ಸೇರುವ ಗ್ರಾಮಸಭೆ ಊರನ್ನೂ ಕಾಡನ್ನೂ ಉಳಿಸೀತು.